ಗೋವೆಗೆ ಹೋಗುವ ನಮ್ಮವರು

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ರಜೆ ಬಂತೆಂದರೆ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು ಊರಿನ ದಾರಿ. ಧಾರವಾಡವೋ, ವಿಜಯಪುರವೋ, ಕುಂದಾಪುರವೋ, ಅವರವರ ಋಣಾನುಬಂಧ ಎಲ್ಲಿದೆಯೋ ಅಲ್ಲಿಗೆ. ಎರಡನೆಯದು ಹತ್ತಿರದ ಲೋಣಾವಳೆ, ಮಹಾಬಳೇಶ್ವರಗಳ ಗುಡ್ಡದ ದಾರಿ. ಮೂರನೆಯದು ಗೋವೆಯ ದಾರಿ. ಹಿರಿಯರ ಮತ ಮೊದಲನೆಯದಕ್ಕೂ, ಮನೆಯ ಯಜಮಾನನ ಕಿಸೆಯ ಮತ ಎರಡನೆಯದಕ್ಕೂ ಬಿದ್ದರೂ ಮಕ್ಕಳ ಮತ ಮೂರನೆಯದಕ್ಕೇ ಬೀಳುವುದು. ಕೊನೆಗೆ ಗೆಲ್ಲುವುದೂ ಅದೇ. ನಮ್ಮಂಥ ಸರಕಾರಿ ಕಾರಕೂನರಿಗೆ ಎಲ್.ಟಿ.ಸಿ. ಎಂಬ ಪ್ರವಾಸದ ಸವಲತ್ತು ಆಗಾಗ ಒದಗಿಬರುವುದರಿಂದ, ಕಚೇರಿಯಲ್ಲಿ ಗೋವೆಯನ್ನು ಕಾಣದವರನ್ನು ಹುಡುಕುವುದೇ ಕಷ್ಟವಾಗಿದೆ.

ಗೋವೆಯ ಕಡಲನ್ನೂ ಗುಡಿ-ಇಗರ್ಜಿಗಳನ್ನೂ ಬಣ್ಣಿಸಿ ಬರೆದವರು ಬಹಳ ಜನ. ನಾವು ಇಲ್ಲಿ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಗಲೆಲ್ಲ ಅಂಕೆಸಂಖ್ಯೆಗಳ ನಡುವೆ ಕಳೆಯುವವರಿಗೆ ಯಾವ ಊರಿಗೆ ಹೋದರೂ ಒಂದೇ ಪ್ರಶ್ನೆ ಏಳುತ್ತದೆ: ಇಲ್ಲಿಗೆ ಬರುವವರು ಯಾರು, ಎಷ್ಟು ಜನ, ಎಂದಿನಿಂದ ಬರುತ್ತಿದ್ದಾರೆ? ಈ ಪ್ರಶ್ನೆಯನ್ನು ಗೋವೆಗೆ ಹಾಕಿದರೆ ಎರಡು ಉತ್ತರಗಳು ಬರುತ್ತವೆ. ನೋಡಲು ಬರುವವರು ಒಂದು ಬಗೆ, ದುಡಿಯಲು ಬರುವವರು ಇನ್ನೊಂದು ಬಗೆ. ಎರಡು ಬಗೆಯಲ್ಲಿಯೂ ಕನ್ನಡಿಗರು ಧಾರಾಳವಾಗಿ ಇದ್ದಾರೆ. ಆದರೆ ಮೊದಲನೆಯವರ ಲೆಕ್ಕ ವರ್ಷಕ್ಕೊಮ್ಮೆ ಸಂಭ್ರಮದಿಂದ ಪ್ರಕಟವಾಗುತ್ತದೆ. ಎರಡನೆಯವರ ಲೆಕ್ಕ ಹತ್ತು ವರ್ಷಕ್ಕೊಮ್ಮೆ ಆಗಬೇಕು, ಅದೂ ಈ ಸಲ ತಪ್ಪಿಹೋಗಿದೆ. ಪರಸ್ಥಳದಲ್ಲಿ ಬಾಳುವ ನಾವೆಲ್ಲ ಈ ವ್ಯತ್ಯಾಸವನ್ನು ಸ್ವಲ್ಪ ಯೋಚಿಸಿ ನೋಡುವುದು ಒಳ್ಳೆಯದು.

ಬಾಗಿಲು ತೆರೆದ ಬಗೆ

1510ರಿಂದ ಸುಮಾರು ನಾಲ್ಕೂವರೆ ಶತಮಾನ ಗೋವೆಯು ಪೋರ್ತುಗೀಜರ ವಶದಲ್ಲಿತ್ತು. 1947ರಲ್ಲಿ ದೇಶವೆಲ್ಲ ಸ್ವತಂತ್ರವಾದ ಮೇಲೂ ಅವರು ಬಿಟ್ಟು ಹೋಗಲಿಲ್ಲ. 1950ರ ದಶಕದಲ್ಲಿ ಗೋವೆಯ ಬಿಡುಗಡೆಯ ಸತ್ಯಾಗ್ರಹ ನಡೆದಾಗ ನಮ್ಮ ಪುಣೆಯೇ ಅದರ ಒಂದು ದೊಡ್ಡ ಕೇಂದ್ರವಾಗಿತ್ತು. ಬೆಳಗಾವಿಯ ಕಡೆಯಿಂದಲೂ ತಂಡ ತಂಡವಾಗಿ ಜನರು ಗಡಿ ದಾಟಿ ಹೋದರು. 1955ರ ಆಗಸ್ಟ್ 15ರಂದು ನಿರಾಯುಧರಾಗಿ ಒಳಹೊಕ್ಕ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಕೊನೆಗೆ 1961ರ ಡಿಸೆಂಬರ್ 19ರಂದು ಭಾರತದ ಸೈನ್ಯವು ಗೋವೆಯನ್ನು ಬಿಡಿಸಿಕೊಂಡಿತು. ಇಂದು ಗೋವೆಗೆ ಬರುವ ಕನ್ನಡಿಗನು ಪ್ರವಾಸಿಯೂ ಕೂಲಿಯೂ ಆಗುವ ಮೊದಲು ಸತ್ಯಾಗ್ರಹಿಯೂ ಆಗಿದ್ದನೆಂಬುದನ್ನು ಮರೆಯಬಾರದು.

ಬಿಡುಗಡೆಗೆ ಮೊದಲು, 1960ರ ಗಣತಿಯಲ್ಲಿ ಗೋವೆಯ ಜನಸಂಖ್ಯೆ 5 ಲಕ್ಷ 90 ಸಾವಿರದಷ್ಟು. 1971ರಲ್ಲಿ ಅದು 7 ಲಕ್ಷ 95 ಸಾವಿರವಾಯಿತು. ಹನ್ನೊಂದೇ ವರ್ಷಗಳಲ್ಲಿ ನೂರಕ್ಕೆ ಮೂವತ್ತನಾಲ್ಕರಷ್ಟು ಏರಿದ ಈ ಸಂಖ್ಯೆ ತೊಟ್ಟಿಲುಗಳಿಂದಲೇ ಆದದ್ದಲ್ಲವೆಂಬುದು ಸ್ಪಷ್ಟ. ಹೊಸ ಸರಕಾರ ಬಂದ ಮೇಲೆ ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆಗಳು ಒಮ್ಮೆಲೇ ಏಳತೊಡಗಿದವು. ಗಣಿಗಳಿಂದ ಕಬ್ಬಿಣದ ಅದಿರು ಮುರಗಾವಿ ಬಂದರಕ್ಕೆ ಇಳಿಯುತ್ತಿತ್ತು. ಗೋವೆಯವರಾದರೋ ಬಹು ಕಾಲದಿಂದ ಮುಂಬಯಿಗೆ, ಆಫ್ರಿಕೆಗೆ, ಹಡಗಿನ ಚಾಕರಿಗೆ ಹೋಗಿ ರೂಢಿಯಾದವರು. ಮುಂದೆ ಅರಬರ ದೇಶಗಳ ದಾರಿಯೂ ತೆರೆಯಿತು. ಕಲ್ಲು ಹೊರುವುದಕ್ಕೆ, ಗಾರೆ ಕಲಸುವುದಕ್ಕೆ ಕೈಗಳು ಬೇಕಾದಾಗ ಘಟ್ಟದ ಮೇಲಿನಿಂದ ಬರಬೇಕಾಯಿತು.

ಘಟ್ಟದ ಮೇಲಿನಿಂದ ಬರಲು ದಾರಿ ಮೊದಲೇ ಸಿದ್ಧವಾಗಿತ್ತು. ಮುರಗಾವಿಯಿಂದ ಕ್ಯಾಸಲ್ ರಾಕ್‌ವರೆಗೆ, ದೂಧಸಾಗರದ ಜಲಪಾತದ ಎದುರಿಗೇ ಹಾಯುವ ರೈಲುಮಾರ್ಗ 1880ರ ದಶಕದಲ್ಲಿಯೇ ಆದದ್ದು. ಲೋಂಢಾ ಜಂಕ್ಷನ್ನಿನಲ್ಲಿ ಅದು ಧಾರವಾಡ-ಹುಬ್ಬಳ್ಳಿಗಳ ಮಾರ್ಗವನ್ನು ಕೂಡಿಕೊಳ್ಳುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆಗಳ ಒಣ ಹೊಲಗಳಲ್ಲಿ ಮಳೆ ಕೈಕೊಟ್ಟ ವರ್ಷ ಜನರು ರೈಲು ಹತ್ತಿದರು, ಇಳಿದದ್ದು ವಾಸ್ಕೊದಲ್ಲಿ. ಇದೇ ದಾರಿಯಲ್ಲಿ ಇಂದು ನಾವು ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಮಿರಜ, ಬೆಳಗಾವಿ, ಲೋಂಢಾ ದಾಟಿ ನಿದ್ದೆಗಣ್ಣಿನಲ್ಲಿ ಘಟ್ಟ ಇಳಿಯುತ್ತೇವೆ. ಹಳಿ ಒಂದೇ, ಹೋಗುವ ಕಾರಣ ಬೇರೆ.

ಅತಿಥಿಗಳ ಲೆಕ್ಕ

ಈಗ ನೋಡಲು ಬರುವವರ ಮಾತು. ಗೋವೆಯ ಕಡಲದಂಡೆಗೆ ಮೊದಲು ಹೆಸರು ತಂದವರು 1960ರ ದಶಕದ ಕೊನೆಯಲ್ಲಿ ಬಂದಿಳಿದ ಹಿಪ್ಪಿಗಳು. ಜೋಳಿಗೆ, ಉದ್ದ ಕೂದಲು, ಗಿಟಾರುಗಳೊಂದಿಗೆ ಕಲಂಗುಟ್, ಅಂಜುಣೆಗಳಲ್ಲಿ ಬೀಡುಬಿಟ್ಟ ಇವರಿಂದ ಸರಕಾರಕ್ಕೆ ಬಂದ ಹುಟ್ಟುವಳಿ ಬಹಳವಿರಲಾರದು. ಆದರೆ ಊರಿನ ಹೆಸರು ಮಾತ್ರ ದೇಶಾಂತರ ಹೋಯಿತು. 1974ರಲ್ಲಿ ಆಗ್ವಾದ ಕೋಟೆಯ ಬದಿಗೆ ತಾಜ್ ಸಂಸ್ಥೆಯ ದೊಡ್ಡ ಹೋಟೆಲು ಎದ್ದಿತು. 1983ರಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ನಾಯಕರು ದಿಲ್ಲಿಯ ಸಮ್ಮೇಳನದ ನಡುವೆ ವಿಶ್ರಾಂತಿಗೆಂದು ಇಲ್ಲಿಗೆ ಬಂದು ಹೋದರು. 1980ರ ದಶಕದ ನಡುವಿನಿಂದ ಯುರೋಪಿನ ಬಾಡಿಗೆ ವಿಮಾನಗಳು ಪ್ರವಾಸಿಗಳನ್ನು ನೇರವಾಗಿ ದಾಬೋಳಿಗೆ ತಂದು ಇಳಿಸತೊಡಗಿದವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು. ಮೋಪಾದಲ್ಲಿ ಎರಡನೆಯ ವಿಮಾನ ನಿಲ್ದಾಣದಿಂದ 2023ರ ಜನವರಿಯಲ್ಲಿ ಹಾರಾಟ ಆರಂಭವಾಯಿತು.

ಗೋವೆ ಸರಕಾರದ ಪ್ರವಾಸ ಖಾತೆಯವರು ಇಟ್ಟ ಲೆಕ್ಕವನ್ನು ನೋಡಿದರೆ ಈ ಬಾಗಿಲುಗಳು ತೆರೆದುದರ ಪರಿಣಾಮ ತಿಳಿಯುತ್ತದೆ. 1985ರಲ್ಲಿ ಬಂದ ಪ್ರವಾಸಿಗಳು 7 ಲಕ್ಷ 75 ಸಾವಿರ. 2000ದಲ್ಲಿ 12 ಲಕ್ಷ 68 ಸಾವಿರ. 2010ರಲ್ಲಿ 26 ಲಕ್ಷಕ್ಕೆ ಮೇಲ್ಪಟ್ಟು. 2015ರಲ್ಲಿ ಸುಮಾರು 53 ಲಕ್ಷ. 2019ರಲ್ಲಿ 80 ಲಕ್ಷ 64 ಸಾವಿರ. 2024ರಲ್ಲಿ ಒಂದು ಕೋಟಿ ದಾಟಿ 1 ಕೋಟಿ 4 ಲಕ್ಷ! 1985ರಲ್ಲಿ ವರ್ಷವಿಡೀ ಬಂದವರೆಲ್ಲರನ್ನು ಕೂಡಿಸಿದರೂ ಊರಿನವರಿಗಿಂತ ಕಡಿಮೆಯಾಗಿದ್ದರು. 2011ರ ಗಣತಿಯಲ್ಲಿ ಗೋವೆಯ ಜನ 14 ಲಕ್ಷ 58 ಸಾವಿರ. ಅದಕ್ಕೆ ಹೋಲಿಸಿದರೆ ಈಗಿನ ಅತಿಥಿಗಳು ಏಳು ಪಟ್ಟು. ಒಂದು ಮನೆಯಲ್ಲಿ ಇಬ್ಬರಿದ್ದು, ವರ್ಷಕ್ಕೆ ಹದಿನಾಲ್ಕು ಮಂದಿ ನೆಂಟರು ಬಂದರೆ ಆ ಮನೆಯ ಗೃಹಿಣಿಯ ಪಾಡು ಏನಾದೀತೆಂಬುದನ್ನು ನಮ್ಮ ಓದುಗ ಭಗಿನಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಂಕೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೋವೆಯೆಂದರೆ ಬಿಳಿಯರು ಬಿಸಿಲು ಕಾಯಿಸುವ ಊರೆಂದು ನಮ್ಮಲ್ಲಿ ಇನ್ನೂ ಅನೇಕರ ನಂಬಿಕೆ. 2000ದಲ್ಲಿ ಅದು ಕೆಲಮಟ್ಟಿಗೆ ನಿಜವಾಗಿತ್ತು. ಆಗ ನೂರು ಪ್ರವಾಸಿಗಳಲ್ಲಿ ಇಪ್ಪತ್ತಮೂರು ಮಂದಿ ಪರದೇಶದವರು. 2024ರಲ್ಲಿ ನೂರಕ್ಕೆ ಐದು ಮಂದಿಯೂ ಇಲ್ಲ. ಪರದೇಶದವರ ಸಂಖ್ಯೆ 2019ರಲ್ಲಿ 9 ಲಕ್ಷ 37 ಸಾವಿರಕ್ಕೆ ಏರಿತ್ತು. ಅದೇ ವರ್ಷ ಇಂಗ್ಲೆಂಡಿನ ಥಾಮಸ್ ಕುಕ್ ಎಂಬ ಹಳೆಯ ಪ್ರವಾಸ ಸಂಸ್ಥೆ ದಿವಾಳಿಯೆದ್ದಿತು, ಮುಂದೆ ಕೋವಿಡ್ ಬಂತು, 2022ರಲ್ಲಿ ರಶಿಯಾ-ಉಕ್ರೇನ್ ಯುದ್ಧ ಹೊತ್ತಿಕೊಂಡಿತು. 2024ರಲ್ಲಿ ಬಂದ ಪರದೇಶದವರು 4 ಲಕ್ಷ 68 ಸಾವಿರ ಮಾತ್ರ, ಎಂದರೆ ಮೊದಲಿನ ಅರ್ಧ. ಹಾಗಾದರೆ ಕಡಲದಂಡೆಯನ್ನು ತುಂಬಿದವರು ಯಾರು? ನಾವೇ; ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದು, ದಿಲ್ಲಿಗಳ ಸಂಬಳದಾರರು. ಶನಿವಾರ ಹೊರಟು ಸೋಮವಾರ ಬೆಳಿಗ್ಗೆ ಕಚೇರಿಯ ಹಾಜರಿ ಪುಸ್ತಕಕ್ಕೆ ಒದಗುವ ಈ ಪ್ರವಾಸಿಯೇ ಇಂದಿನ ಗೋವೆಯ ಅನ್ನದಾತ. ಗೋವೆಯಲ್ಲಿ ಗಲಾಟೆ ಹೆಚ್ಚಿತು, ಕಸ ಹೆಚ್ಚಿತು ಎಂದು ನಾವು ಬೇರೆಯವರತ್ತ ಬೆರಳು ತೋರಿಸುವಾಗ ಈ ಲೆಕ್ಕವನ್ನು ನೆನೆಯುವುದು ವಿಹಿತ.

ದುಡಿಯುವವರ ಲೆಕ್ಕ

ಒಂದು ಕೋಟಿ ಜನ ಬಂದು ಉಣ್ಣಬೇಕಾದರೆ ಯಾರೋ ಅಡಿಗೆ ಮಾಡಬೇಕು, ತಟ್ಟೆ ತೊಳೆಯಬೇಕು, ಹಾಸಿಗೆ ಹಾಸಬೇಕು. ಅದಕ್ಕೆ ಮೊದಲು ಯಾರೋ ಆ ಹೋಟೆಲನ್ನು ಕಟ್ಟಬೇಕು. ಈ 'ಯಾರೋ' ಎಂಬವರಲ್ಲಿ ಉತ್ತರ ಕರ್ನಾಟಕದವರು ಮೊದಲಿನಿಂದಲೂ ಮುಂದು. 1970ರ ದಶಕದಲ್ಲಿ ವಾಸ್ಕೊದ ಹತ್ತಿರ ಜುವಾರಿಯ ರಸಗೊಬ್ಬರದ ಕಾರಖಾನೆ ಬಂದ ಮೇಲೆ ಅದರ ಸುತ್ತ ಬೆಳೆದ ಜುವಾರಿನಗರದ ವಸತಿಯಲ್ಲಿ ಕನ್ನಡದ ಮಾತೇ ಕಿವಿಗೆ ಬೀಳುವಷ್ಟು ನಮ್ಮವರು ನೆಲೆಸಿದರು. ವಾಸ್ಕೊದ ಸುತ್ತ ಕನ್ನಡ ಮಾಧ್ಯಮದ ಶಾಲೆಗಳೂ ನಡೆದು ಬಂದಿವೆ.

ಕಡಲದಂಡೆಯಲ್ಲಿ ಕನ್ನಡಿ ಕೂರಿಸಿದ ಕಸೂತಿ ಚೀಲ, ಮಣಿಸರ, ಕಾಲ್ಗೆಜ್ಜೆಗಳನ್ನು ಹೊತ್ತು ತಿರುಗುವ ಲಮಾಣಿ ಹೆಣ್ಣುಮಕ್ಕಳನ್ನು ಗೋವೆಗೆ ಹೋದವರೆಲ್ಲ ಕಂಡಿರುತ್ತಾರೆ. ಪರದೇಶದವರ ಕ್ಯಾಮರಾಗಳಿಗೆ ಇವರೇ 'ಗೋವೆಯ ಚಿತ್ರ'. ಆದರೆ ಬಹುಪಾಲು ಮಂದಿ ಗದಗ, ಹಾವೇರಿ, ವಿಜಯಪುರ ಕಡೆಯ ತಾಂಡಾಗಳಿಂದ ಬಂದವರು. ಅವರಲ್ಲಿ ಎಷ್ಟೋ ಜನ ಲಮಾಣಿ, ಕನ್ನಡ, ಕೊಂಕಣಿ, ಹಿಂದಿಗಳನ್ನೂ, ವ್ಯಾಪಾರಕ್ಕೆ ಸಾಕಾಗುವಷ್ಟು ಇಂಗ್ಲಿಷು-ರಶಿಯನ್ನನ್ನೂ ಆಡುತ್ತಾರೆ. ಬಿ.ಎ. ಮಾಡಿದ ನಮಗೆ ಮೂರು ಭಾಷೆ ಬರುವುದೇ ದೊಡ್ಡ ಮಾತು.

ಈ ವಲಸೆಗೆ ಒಂದು ಋತುಮಾನವಿದೆ. ಗೋವೆಯ ಪ್ರವಾಸದ ಕಾಲ ಅಕ್ಟೋಬರದಿಂದ ಮೇ ತನಕ. ಮಳೆ ಹಿಡಿಯುವ ಹೊತ್ತಿಗೆ ಮರಳಿನ ಮೇಲಿನ ತಟ್ಟಿಯ ಖಾನಾವಳಿಗಳನ್ನು ಬಿಚ್ಚಿ ಕಟ್ಟುತ್ತಾರೆ. ಕಟ್ಟಡದ ಕೆಲಸವೂ ಮಂದವಾಗುತ್ತದೆ. ಬಯಲುಸೀಮೆಯಲ್ಲಿ ಬಿತ್ತಿಗೆ ಆರಂಭವಾಗುವುದು ಸರಿಯಾಗಿ ಆಗಲೇ. ಹೀಗೆ ಎರಡು ಊರುಗಳ ಪಂಚಾಂಗಗಳು ಒಂದಕ್ಕೊಂದು ಹೊಂದಿಕೊಂಡಿವೆ. ನಾವೊಮ್ಮೆ ಕಲಂಗುಟದ ಖಾನಾವಳಿಯೊಂದರಲ್ಲಿ ಮಗುವಿಗೆ ಕನ್ನಡದಲ್ಲಿ ಗದರಿದ್ದನ್ನು ಕೇಳಿ, ಮೇಜು ಒರೆಸುತ್ತಿದ್ದ ಹುಡುಗ ನಿಂತು, "ಯಾವೂರ್ರೀ ಸರ, ನಿಮ್ದು?" ಎಂದ. ಪುಣೆ ಎಂದೆವು. "ಪುಣೆ ಈಗಿಂದ್ರೀ, ಮೊದಲಿಂದು?" ಎಂದು ಕೇಳಿದ. ಪರಸ್ಥಳದಲ್ಲಿರುವ ಕನ್ನಡಿಗನಿಗೆ ಎರಡು ಊರುಗಳಿರುತ್ತವೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಮೊದಲಿನ ಊರು ರೋಣ ತಾಲೂಕಿನದು. "ಹೆಸರು ಬಿತ್ತಾಕ ಊರಿಗೆ ಹೋಗಿ, ದೀಪಾವಳಿ ಆದಮ್ಯಾಲ ತಿರುಗಿ ಬರ್ತೀನ್ರಿ" ಎಂದು ಹೇಳಿ, ಇನ್ನೊಂದು ಮೇಜಿನ ಕರೆ ಬಂದುದರಿಂದ ಹೊರಟುಹೋದ.

ಈ ಹುಡುಗನನ್ನು ಯಾವ ದಫ್ತರದಲ್ಲಿ ಹುಡುಕಬೇಕು? ಹೋಟೆಲಿನಲ್ಲಿ ಇಳಿದ ಪ್ರವಾಸಿಯ ಹೆಸರು ಅದೇ ಗಳಿಗೆಯಲ್ಲಿ ಪುಸ್ತಕಕ್ಕೆ ಏರುತ್ತದೆ. ಪರದೇಶದವನಾದರೆ 24 ತಾಸಿನೊಳಗೆ ನಮೂನೆ ತುಂಬಿ ಅಧಿಕಾರಿಗಳಿಗೆ ಮುಟ್ಟಿಸಬೇಕು. ಆ ಹೆಸರುಗಳನ್ನು ಕೂಡಿಸಿ ಪ್ರವಾಸ ಖಾತೆಯವರು ಹೆಮ್ಮೆಯಿಂದ ಪ್ರಕಟಿಸುತ್ತಾರೆ. ದುಡಿಯಲು ಬಂದವನ ಹೆಸರು ಹೋಗುವುದು ಪೊಲೀಸ್ ಠಾಣೆಯ ಬಾಡಿಗೆದಾರರ ಪರಿಶೀಲನೆಯ ಕಾಗದಕ್ಕೆ, ಅದೂ ಮನೆಯ ಮಾಲಕ ಕೊಟ್ಟರೆ. ಒಬ್ಬನ ಹೆಸರು ಸ್ವಾಗತಕ್ಕಾಗಿ, ಇನ್ನೊಬ್ಬನ ಹೆಸರು ಸಂಶಯಕ್ಕಾಗಿ.

ಉಳಿದದ್ದು ಜನಗಣತಿ. 2001ರಲ್ಲಿ ಗೋವೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ನೂರಕ್ಕೆ ಐದೂವರೆಯಷ್ಟಿದ್ದರು, ಅಂದರೆ ಎಪ್ಪತ್ತನಾಲ್ಕು ಸಾವಿರಕ್ಕೆ ಮೇಲ್ಪಟ್ಟು. 2011ರಲ್ಲಿ ಅದು ನೂರಕ್ಕೆ ನಾಲ್ಕೂವರೆ ಚಿಲ್ಲರೆಗೆ, ಸುಮಾರು ಅರವತ್ತೆಂಟು ಸಾವಿರಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ಹಿಂದಿಯವರು ನೂರಕ್ಕೆ ಆರರ ಒಳಗಿನಿಂದ ಹತ್ತಕ್ಕೆ ಏರಿದರು. ಬಿಹಾರ, ಉತ್ತರ ಪ್ರದೇಶ, ಝಾರಖಂಡಗಳ ಕೆಲಸಗಾರರು ಹೊಸದಾಗಿ ಬಂದುದು ಇದಕ್ಕೆ ಒಂದು ಕಾರಣ. ಇನ್ನೊಂದು ಸಂಗತಿ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಲಮಾಣಿ ನುಡಿಯನ್ನು ಜನಗಣತಿಯವರು ಹಿಂದಿಯ ಗುಂಪಿನೊಳಗೆ ಸೇರಿಸುತ್ತಾರೆ. ಗದಗಿನ ತಾಂಡಾದಿಂದ ಬಂದು ಅಂಜುಣೆಯಲ್ಲಿ ಮಣಿಸರ ಮಾರುವ ತಾಯಿ ತನ್ನ ಮನೆಮಾತನ್ನು ನಿಜವಾಗಿ ಹೇಳಿದರೆ, ಲೆಕ್ಕದಲ್ಲಿ ಅವಳು ಹಿಂದಿಯವಳಾಗುತ್ತಾಳೆ! ಹೀಗಾಗಿ ಕರ್ನಾಟಕದಿಂದ ಹೋದವರನ್ನು ಕನ್ನಡದ ಕಾಲಂ ಒಂದರಿಂದಲೇ ಅಳೆಯಲಾಗದು.

ಊರಿನವರ ಮಾತು

ಗೋವೆಯವರ ಮಾತನ್ನೂ ಕೇಳದೆ ಬರೆದರೆ ಅದು ನ್ಯಾಯವಾಗದು. ಅವರದು ಪುಟ್ಟ ನಾಡು. ನಮ್ಮ ಒಂದು ಸಾಮಾನ್ಯ ಜಿಲ್ಲೆಗಿಂತ ಚಿಕ್ಕದು. 1967ರ ಜನವರಿ 16ರಂದು ಮಹಾರಾಷ್ಟ್ರದಲ್ಲಿ ಸೇರಬೇಕೋ ಬೇಡವೋ ಎಂದು ಅವರನ್ನು ಮತ ಕೇಳಲಾಯಿತು. ಬೇಡವೆಂದವರು ಸುಮಾರು 34 ಸಾವಿರ ಮತಗಳಿಂದ ಗೆದ್ದರು. 1987ರಲ್ಲಿ ಕೊಂಕಣಿ ರಾಜ್ಯಭಾಷೆಯಾಯಿತು, ಅದೇ ವರ್ಷ ಮೇ 30ರಂದು ಗೋವೆ ಪ್ರತ್ಯೇಕ ರಾಜ್ಯವಾಯಿತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಮನೆಯಲ್ಲಿ ತಾವೇ ಅಲ್ಪಸಂಖ್ಯಾತರಾಗುವೆವೇನೋ ಎಂಬ ಅಂಜಿಕೆ ಅವರಿಗಿದ್ದರೆ ಅದನ್ನು ಹಗುರಾಗಿ ಕಾಣಬಾರದು. ಪೋರ್ತುಗೀಜರ ಕಾಲದಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ಪೋರ್ತುಗಲ್ಲಿನ ಪೌರತ್ವ ಪಡೆಯುವ ದಾರಿ ಇರುವುದರಿಂದ ಅವರ ತರುಣರು ಸಾವಿರಗಟ್ಟಲೆ ಇಂಗ್ಲೆಂಡಿಗೆ ಹೋಗಿದ್ದಾರೆ. ಮಗ ಹೊರಗೆ, ಹೊರಗಿನವರು ಒಳಗೆ ಎಂಬಂತಾದಾಗ ಮುದುಕರಿಗೆ ಕಸಿವಿಸಿಯಾಗುವುದು ಸಹಜ. ಭೂಮಿಯ ಬೆಲೆ, ಕುಡಿಯುವ ನೀರು, ಕಸದ ರಾಶಿ, ಎಲ್ಲವೂ ಅವರಿಗೆ ನಿತ್ಯದ ತೊಂದರೆಗಳು.

ಆದರೆ ಈ ಅಂಜಿಕೆಯ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂಬುದನ್ನು ನೋಡಬೇಕು. ನೀರು ಹೆಚ್ಚು ಬಳಸುವವನು, ಎರಡನೆಯ ಮನೆಯೆಂದು ಬಂಗಲೆ ಕೊಂಡು ಹತ್ತು ತಿಂಗಳು ಬೀಗ ಹಾಕುವವನು ಹಣವುಳ್ಳ ಅತಿಥಿ. ಬೈಗುಳ ಬೀಳುವುದು ಮಾತ್ರ ಜೋಪಡಿಯವನಿಗೆ. ಘಟ್ಟದಿಂದ ಇಳಿದು ಬಂದವನಿಗೆ ಅಲ್ಲಿ 'ಘಾಂಟಿ' ಎಂಬ ಹೆಸರು. ಮುಂಬಯಿಯಲ್ಲಿ ಇದೇ ಮಾತನ್ನು 'ಘಾಟಿ' ಎಂದು ನಮ್ಮ ಪುಣೆ-ಸಾತಾರೆಯ ಕಡೆಯ ಮರಾಠಿ ದುಡಿಮೆಗಾರರಿಗೆ ಹೇಳುತ್ತಿದ್ದರು. ಬೈಗುಳ ಹಳೆಯದೇ, ಯಾರ ತಲೆ ತಗ್ಗಿದೆಯೋ ಅಲ್ಲಿಗೆ ಹೋಗಿ ಕೂರುತ್ತದೆ. 2004ರ ಜೂನ್ ತಿಂಗಳಲ್ಲಿ ವಾಸ್ಕೊದ ಬೈನಾ ಕಡಲದಂಡೆಯ ವಸತಿಯನ್ನು ನ್ಯಾಯಾಲಯದ ಆಜ್ಞೆಯ ಮೇರೆಗೆ ಕೆಡವಿದಾಗ ಮನೆ ಕಳೆದುಕೊಂಡವರಲ್ಲಿ ಕರ್ನಾಟಕದಿಂದ ಹೋದವರು ಬಹಳ ಮಂದಿ. ಹೊರಗೆ ಮುಂಗಾರಿನ ಮಳೆ. ಕಾನೂನಿನ ಒಪ್ಪು-ತಪ್ಪುಗಳು ಏನೇ ಇರಲಿ, ಮಕ್ಕಳನ್ನು ಕಟ್ಟಿಕೊಂಡು ಆ ಮಳೆಯಲ್ಲಿ ನಿಂತವರಿಗೆ ಹೋಗುವುದಕ್ಕೆ ಬೇರೆ ನೆಲೆ ಇರಲಿಲ್ಲ.

ಹಾಗೆಂದು ನಾವು ಕನ್ನಡಿಗರು ಬಂದವರನ್ನೆಲ್ಲ ಆರತಿ ಎತ್ತಿ ಕರೆದುಕೊಳ್ಳುತ್ತೇವೆಂದು ಬೀಗಬೇಕಾಗಿಲ್ಲ. ನಮ್ಮ ಕೊಡಗನ್ನೇ ನೋಡಿರಿ. 2011ರಲ್ಲಿ ಆ ಜಿಲ್ಲೆಯ ಜನ ಐದೂವರೆ ಲಕ್ಷ. ಅಲ್ಲಿಯೂ ಅತಿಥಿಗೃಹಗಳು ಬೆಟ್ಟದ ಮೈಮೇಲೆ ಎದ್ದಿವೆ; ಕಾಫಿ ತೋಟಗಳಿಗೆ ಅಸ್ಸಾಮಿನ ಕಡೆಯಿಂದ ಕೂಲಿಯಾಳುಗಳು ಬರುತ್ತಾರೆ. ಅಲ್ಲಿಯೂ ಪ್ರವಾಸಿಗೆ ನಗುಮುಖ, ಕೂಲಿಯವನಿಗೆ ಗುರುತಿನ ಚೀಟಿಯ ತಪಾಸಣೆ. ಗೋವೆಯಲ್ಲಿ ನಾವು ಕೇಳುವ ನ್ಯಾಯವನ್ನು ಕೊಡಗಿನಲ್ಲಿ ಕೊಡುತ್ತೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಹಿಂದಿನ ಋಣವೊಂದನ್ನೂ ಇಲ್ಲಿ ನೆನೆಯಬೇಕು. ಗೋವೆಯನ್ನು ಹತ್ತನೆಯ ಶತಮಾನದಿಂದೀಚೆಗೆ ಆಳಿದವರು ಕದಂಬರು. ಇಂದಿನ ಖಾನಾಪುರ ತಾಲೂಕಿನ ಹಲಸಿಯೂ ಅವರ ಆಳಿಕೆಗೆ ಸೇರಿತ್ತು. ಗೋವೆ ಸರಕಾರದ ಬಸ್ಸುಗಳ ಮೇಲೆ ಇಂದಿಗೂ 'ಕದಂಬ' ಎಂಬ ಹೆಸರೇ ಇದೆ. ಆಮೇಲೆ ಹದಿನಾರನೆಯ ಶತಮಾನದಿಂದ ಪೋರ್ತುಗೀಜರ ಧರ್ಮವಿಚಾರಣೆಯ ಕಾಟ, ಯುದ್ಧ, ಬರಗಳಿಂದ ಬೇಸತ್ತು ಕೊಂಕಣಿ ಕುಟುಂಬಗಳು, ಹಿಂದುಗಳೂ ಕ್ರೈಸ್ತರೂ, ದಕ್ಷಿಣಕ್ಕೆ ಇಳಿದು ಬಂದರು. ಕುಮಟೆ, ಹೊನ್ನಾವರ, ಬಸರೂರು, ಮಂಗಳೂರುಗಳು ಅವರಿಗೆ ನೆಲೆ ಕೊಟ್ಟವು. ಅವರು ಬೆಳೆದರು, ಊರುಗಳನ್ನೂ ಬೆಳೆಸಿದರು; ಕರಾವಳಿಯ ವ್ಯಾಪಾರ, ಬ್ಯಾಂಕು, ಶಾಲೆ, ಸಾಹಿತ್ಯಗಳಲ್ಲಿ ಅವರ ದುಡಿಮೆ ಎಷ್ಟೆಂಬುದು ಎಲ್ಲರಿಗೂ ತಿಳಿದದ್ದೇ. ಅಂದು ಅವರು ಘಟ್ಟದ ಕೆಳಗಿನ ದಾರಿಯಲ್ಲಿ ನಮ್ಮಲ್ಲಿಗೆ ಬಂದರು, ಇಂದು ನಮ್ಮವರು ಘಟ್ಟ ಇಳಿದು ಅವರಲ್ಲಿಗೆ ಹೋಗುತ್ತಿದ್ದಾರೆ. ವಲಸೆಯೆಂಬುದು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಸುರಿಯುವ ಏತದ ನೀರು.

2020 ಕಲಿಸಿದ ಪಾಠ

ಎರಡು ಬಗೆಯ ಜನರ ಬೆಲೆ ಒಮ್ಮೆಗೇ ತಿಳಿದದ್ದು 2020ರ ಮಾರ್ಚ್ ಕೊನೆಯ ವಾರದಲ್ಲಿ. ಕೋವಿಡ್ ಬೇನೆಯ ಸಲುವಾಗಿ ದೇಶವೆಲ್ಲ ಬೀಗ ಹಾಕಿಕೊಂಡಿತು. ಪ್ರವಾಸಿಗಳು ಸಿಕ್ಕ ವಿಮಾನ ಹತ್ತಿ ಮನೆ ಸೇರಿದರು. 2019ರಲ್ಲಿ 80 ಲಕ್ಷ ದಾಟಿದ್ದ ಸಂಖ್ಯೆ ಆ ವರ್ಷ 30 ಲಕ್ಷದ ಒಳಗೆ ಇಳಿಯಿತು; 2021ರಲ್ಲಿ ಪರದೇಶದಿಂದ ಬಂದವರು ಬರಿಯ 22 ಸಾವಿರ. ದುಡಿಯಲು ಬಂದವರಿಗೆ ವಿಮಾನವಿರಲಿಲ್ಲ, ರೈಲೂ ಇರಲಿಲ್ಲ, ಕೂಲಿಯೂ ನಿಂತಿತು. ಅದೇ ದಿನಗಳಲ್ಲಿ ಗಡಿ ಮುಚ್ಚಿದ್ದರಿಂದ ಬೆಳಗಾವಿಯ ಕಡೆಯಿಂದ ಚೋರ್ಲಾ ಘಟ್ಟ ಇಳಿದು ಬರುತ್ತಿದ್ದ ಕಾಯಿಪಲ್ಲೆಯ ಲಾರಿಗಳೂ ನಿಂತು, ಗೋವೆಯ ಮನೆಗಳಲ್ಲಿ ಪಲ್ಲೆಗೆ ಪರದಾಡುವಂತಾಯಿತು. ಕರ್ನಾಟಕದ ಕೈ ಮತ್ತು ಕರ್ನಾಟಕದ ಬದನೆಕಾಯಿ ಎರಡೂ ಇಲ್ಲದೆ ಗೋವೆಯ ಒಲೆ ಸುಲಭವಾಗಿ ಉರಿಯದೆಂದು ಆಗ ಎಲ್ಲರಿಗೂ ಅರಿವಾಯಿತು. ಆಮೇಲೆ ಪ್ರವಾಸಿಗಳು ತಿರುಗಿ ಬಂದರು, ಕೆಲಸಗಾರರೂ ಬಂದರು. ಪ್ರವಾಸಿಗಳು ಬಂದದ್ದನ್ನು ಪತ್ರಿಕೆಗಳು ಬರೆದವು.

ಆ ದಿನಗಳ ಇನ್ನೊಂದು ಫಲ ಎಂದರೆ ಸರಕಾರಕ್ಕೂ ತನ್ನ ದಫ್ತರದಲ್ಲಿ ಇಲ್ಲದವರ ನೆನಪಾದುದು. 2021ರ ಆಗಸ್ಟಿನಲ್ಲಿ ಅಸಂಘಟಿತ ಕೆಲಸಗಾರರ ಹೆಸರು ಬರೆದುಕೊಳ್ಳಲು 'ಇ-ಶ್ರಮ' ಎಂಬ ಯೋಜನೆ ಬಂತು. ಒಂದು ರಾಜ್ಯದ ರೇಶನ್ ಕಾರ್ಡಿನ ಮೇಲೆ ಇನ್ನೊಂದು ರಾಜ್ಯದಲ್ಲಿ ಧಾನ್ಯ ಪಡೆಯುವ ಏರ್ಪಾಡು 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಕಟ್ಟಡದ ಕೆಲಸಗಾರರಿಗೆ ಕಲ್ಯಾಣ ಮಂಡಳಿಗಳು ಅದಕ್ಕೂ ಮೊದಲಿನಿಂದಲೇ ಇವೆ. ವರ್ಷದಲ್ಲಿ 90 ದಿನ ಅಂಥ ಕೆಲಸ ಮಾಡಿದವನು ಹೆಸರು ನೋಂದಿಸಿಕೊಳ್ಳಬಹುದು. ಆದರೆ ಕಾಗದದ ಮೇಲೆ ಬಂದ ಸವಲತ್ತು ಮನುಷ್ಯನನ್ನು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅರ್ಜಿ ಬರೆದುಕೊಡಲು ಒಬ್ಬರು ಬೇಕು. ನಮ್ಮಂಥ ಕಾರಕೂನರು ಊರಿಗೆ ಉಪಕಾರಿಗಳಾಗುವುದು ಇಂಥಲ್ಲಿಯೇ.

ನಮ್ಮ ಪಾಲಿನ ಕೆಲಸ

ಇಷ್ಟೆಲ್ಲ ಬರೆದುದು ಗೋವೆಗೆ ಹೋಗಬೇಡಿರೆಂದು ಹೇಳುವುದಕ್ಕಲ್ಲ. ಅವಶ್ಯವಾಗಿ ಹೋಗಿ ಬನ್ನಿರಿ. ಆದರೆ ಅಲ್ಲಿ ತಟ್ಟೆ ತೆಗೆಯುವವನು, ಕೋಣೆ ಗುಡಿಸುವವಳು, ದಂಡೆಯ ಮೇಲೆ ಸರ ಮಾರುವ ತಾಯಿ ಕನ್ನಡದವರಿರಬಹುದೆಂಬುದನ್ನು ನೆನಪಿಡಿರಿ. ಒಂದು ಮಾತು ಕನ್ನಡದಲ್ಲಿ ಆಡಿಸಿದರೆ ನಮ್ಮ ಗಂಟೇನೂ ಕರಗುವುದಿಲ್ಲ. ಹತ್ತು ರೂಪಾಯಿಗಾಗಿ ಅರ್ಧ ತಾಸು ಚೌಕಾಶಿ ಮಾಡುವುದನ್ನು ದೊಡ್ಡ ಹೋಟೆಲಿನ ಬಿಲ್ಲಿನ ಮೇಲೆ ಬೇಕಾದರೆ ಮಾಡೋಣ. ನಮ್ಮ ಮಕ್ಕಳಿಗೂ ಇದನ್ನು ತೋರಿಸಬೇಕು. ಅವರ ಅಜ್ಜನೋ ಮುತ್ತಜ್ಜನೋ ಪುಣೆಯ ನಿಲ್ದಾಣದಲ್ಲಿ ಟ್ರಂಕು ಹಿಡಿದು ಇಳಿದಾಗ ಅವನಿಗೂ ಇಲ್ಲಿ ಮನೆ ಬಾಡಿಗೆಗೆ ಕೊಡಲು ಹಿಂದೆಮುಂದೆ ನೋಡಿದವರಿದ್ದರು, ಕೊಟ್ಟವರೂ ಇದ್ದರು. ಕೊಟ್ಟವರಿಂದಾಗಿ ನಾವು ಇಂದು ಇಲ್ಲಿದ್ದೇವೆ.

ಎರಡನೆಯದು, ಮನೆಯಲ್ಲಿಯೇ ಕೂತು ಮಾಡಬಹುದಾದ ಕೆಲಸ. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಆಗಲಿಲ್ಲ. ಅದರ ಬದಲಿಗೆ ಗೊತ್ತುಪಡಿಸಿದ ಗಣತಿಗೆ 2027ರ ಮಾರ್ಚ್ 1ನೆಯ ದಿನವನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಹಿಂದಿನ ಗಣತಿಗಳಲ್ಲಿ ಹುಟ್ಟಿದ ಊರು ಯಾವುದು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಬಂದ ಕಾರಣವೇನು, ತಾಯ್ನುಡಿ ಯಾವುದು, ಬೇರೆ ಯಾವ ಎರಡು ಭಾಷೆಗಳು ಬರುತ್ತವೆ ಎಂದೆಲ್ಲ ಕೇಳಿದ್ದರು. ಪರಸ್ಥಳದ ಕನ್ನಡಿಗರಲ್ಲಿ ಕೆಲವರು ಸಂಕೋಚದಿಂದಲೋ, 'ಇಲ್ಲಿಯ ಭಾಷೆ ಬರೆಸಿದರೆ ಸುಖ' ಎಂಬ ಲೆಕ್ಕಾಚಾರದಿಂದಲೋ ತಾಯ್ನುಡಿಯ ಕಾಲಮ್ಮಿನಲ್ಲಿ ಬೇರೊಂದನ್ನು ಬರೆಸುತ್ತಾರೆ. ಹಾಗೆ ಮಾಡುವುದು ಸರಿಯಲ್ಲ. ಮನೆಯಲ್ಲಿ ಕನ್ನಡ ಆಡುವವರು ಕನ್ನಡವೆಂದೇ ಬರೆಸಬೇಕು. ಮರಾಠಿ ಬರುವುದಾದರೆ ಬೇರೆ ಭಾಷೆಗಳ ಜಾಗದಲ್ಲಿ ಅದನ್ನು ಹೆಮ್ಮೆಯಿಂದಲೇ ಬರೆಸಬೇಕು. ತುಳುವಿನವರು ತುಳುವೆಂದು, ಕೊಂಕಣಿಯವರು ಕೊಂಕಣಿಯೆಂದು, ಲಮಾಣಿಯವರು ಲಮಾಣಿಯೆಂದು ಹೇಳಬೇಕು. ಶಾಲೆ ಬೇಕೆಂದು, ಗ್ರಂಥಾಲಯ ಬೇಕೆಂದು, ರೈಲು ಬೇಕೆಂದು ನಮ್ಮಂಥ ಸಂಘಗಳು ಬರೆಯುವ ಅರ್ಜಿಗಳಿಗೆಲ್ಲ ಕೊನೆಗೆ ಆಧಾರವಾಗುವುದು ಆ ಒಂದು ಸಾಲು. ಸರಕಾರಿ ಮೇಜಿನ ಹಿಂದೆ ಕೂತವರಿಗೆ ಇದು ಚೆನ್ನಾಗಿ ಗೊತ್ತು. ದಫ್ತರದಲ್ಲಿ ಇಲ್ಲದವನು ಎದುರಿಗೆ ನಿಂತರೂ ಕಣ್ಣಿಗೆ ಬೀಳುವುದಿಲ್ಲ.

ಗಣತಿಯವರು ನಮ್ಮ ಮನೆಗೆ ಬಂದು ಹೋದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ನಮ್ಮ ಓಣಿಯಲ್ಲಿ ಹೊಸದಾಗಿ ಏಳುತ್ತಿರುವ ಕಟ್ಟಡದ ಬದಿಗೆ ತಗಡಿನ ಜೋಪಡಿಗಳಿರುತ್ತವೆ. ಅಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯ ಮಂದಿ ಇದ್ದಾರೆಯೇ ಎಂದು ವಿಚಾರಿಸೋಣ. ಗಣತಿಯವರು ಅವರಲ್ಲಿಗೆ ಬಂದಿದ್ದರೇ, ಮಕ್ಕಳ ಹೆಸರು ಶಾಲೆಯಲ್ಲಿದೆಯೇ, ರೇಶನ್ ಸಿಗುತ್ತದೆಯೇ ಎಂದು ಕೇಳೋಣ. ಇಲ್ಲವಾದರೆ ಒಂದು ರವಿವಾರ ಅವರೊಡನೆ ಕೂತು ಅರ್ಜಿ ತುಂಬಿಕೊಡೋಣ. ಗೋವೆಯ ಕಡಲನ್ನು ನೋಡಲು ರಜೆ ಬೇಕು, ಹಣ ಬೇಕು. ಈ ಕೆಲಸಕ್ಕೆ ಒಂದು ಪೆನ್ನು ಸಾಕು.